ಯುದ್ಧದ ಕತೆಯೂ ಬೇಕು, ಚಿತ್ರವೂ ಬೇಕು: ಯಾವ ಪುಸ್ತಕ ಕೊಡಿಸಲಿ?

ಉಡುಪಿಯಿಂದ ಪ್ರಶ್ನೆ: ಮಗ ಒಂಬತ್ತನೇ ಕ್ಲಾಸು. ಯುದ್ಧದ ಇತಿಹಾಸ ಸಿಕ್ಕಿದರೆ ಊಟವೂ ಬೇಡ. ನೋಟ್ಸ್ ಪುಸ್ತಕದ ಹಿಂದೆಲ್ಲ ಕೋಟೆ, ಕುದುರೆ, ಫಿರಂಗಿ ಬಿಡಿಸಿಟ್ಟಿದ್ದಾನೆ. ಇತಿಹಾಸ, ಚಿತ್ರಕಲೆ ಎರಡೂ ಇರುವ ಪುಸ್ತಕ ಕೊಡಿಸಬೇಕು. ಕೈಯಲ್ಲಿ 2000 ರೂಪಾಯಿ ಇದೆ. ಕೊಳ್ಳುವಾಗ ಏನು ನೋಡಬೇಕು?

ಮಂಗಳೂರಿನ ಬೋಳೂರಿನಿಂದ: ಅಕ್ಕ, ನಾನು ಮಾಡಿದ ತಪ್ಪು ಮೊದಲು ಕೇಳಿ. ಲೋಕದ ಯುದ್ಧಗಳೆಲ್ಲ ಒಂದೇ ಕಡೆ ಇರುವ ದಪ್ಪ ಪುಸ್ತಕ ತಂದೆ. ಪುಟಕ್ಕೊಂದು ಯುದ್ಧ, ಅಂಚೆಚೀಟಿಯಷ್ಟು ಚಿತ್ರ. ಮಗಳು ಎರಡು ದಿನ ಮಗುಚಿ ಹಾಕಿ ಬದಿಗಿಟ್ಟಳು.

ಆಮೇಲೆ ಮನೆ ಹತ್ತಿರದ ಸುಲ್ತಾನ್ ಬತ್ತೇರಿಗೆ ಕರೆದುಕೊಂಡು ಹೋದೆ. ಗುರುಪುರ ಹೊಳೆಗೆ ಯುದ್ಧದ ಹಡಗು ನುಗ್ಗದ ಹಾಗೆ ಟಿಪ್ಪು 1784ರಲ್ಲಿ ಕಟ್ಟಿಸಿದ ಕಾವಲು ಬುರುಜು ಅದು. ಫಿರಂಗಿ ಕಿಂಡಿಯಲ್ಲಿ ಇಣುಕಿದವಳಿಗೆ ಪ್ರಶ್ನೆಗಳು ಶುರುವಾದವು. ಅಲ್ಲಿಂದ ಶ್ರೀರಂಗಪಟ್ಟಣದ ದರಿಯಾ ದೌಲತ್, ಟಿಪ್ಪುವಿನ ಬೇಸಿಗೆ ಅರಮನೆ. ಅದರ ಗೋಡೆಯ ಮೇಲೆ ಹೈದರಾಲಿ, ಟಿಪ್ಪು ಇಂಗ್ಲಿಷರನ್ನು ಸೋಲಿಸಿದ 1780ರ ಪೊಳ್ಳಿಲೂರು ಯುದ್ಧದ ಚಿತ್ರ ಇದೆ. ನಡುವೆ ಚೌಕಾಕಾರದಲ್ಲಿ ನಿಂತ ಇಂಗ್ಲಿಷರ ಪಡೆ, ಅದರೊಳಗೆ ಪಲ್ಲಕ್ಕಿಯಲ್ಲಿ ಅವರ ಸೇನಾಪತಿ ಕರ್ನಲ್ ಬೇಯ್ಲಿ, ಅಲ್ಲೇ ಮದ್ದಿನ ಬಂಡಿ ಸ್ಫೋಟ. ಅವರು ಸೋಲಲು ಆ ಸ್ಫೋಟವೂ ಒಂದು ಕಾರಣ. ಪಠ್ಯಪುಸ್ತಕದ ಒಂದು ಸಾಲು ಗೋಡೆ ತುಂಬ ಹರಡಿಕೊಂಡಿದೆ! ಆದರೆ ಅದು ಗೆದ್ದವರು ಬರೆಸಿದ ಚಿತ್ರ. ಆಮೇಲೆ ಬ್ರಿಟಿಷ್ ಗವರ್ನರ್ ಜನರಲ್ ಡಾಲ್‌ಹೌಸಿ ಕಾಲದಲ್ಲಿ ಮತ್ತೆ ಬಣ್ಣ ಬಳಿಸಿದ್ದೂ ಉಂಟು. ಹಾಗಾಗಿ ಚಿತ್ರ ಯಾವಾಗಿನದು, ಯಾರು ಬರೆಸಿದರು ಎಂದು ಹೇಳದ ಪುಸ್ತಕ ನಾನು ಕೊಳ್ಳುವುದಿಲ್ಲ. ಒಂದೇ ಯುದ್ಧದ ಬಗ್ಗೆ, ನಕ್ಷೆ ಇರುವ ತೆಳ್ಳಗಿನ ಪುಸ್ತಕ ಸಾಕು ಮಾರಾಯ್ರೆ.

ಮಣಿಪಾಲದಿಂದ: ನಾನು ಚಿತ್ರಕಲೆ ಕಲಿಸುವವಳು. ಅಂಗಡಿಯಲ್ಲಿ ಪುಸ್ತಕವನ್ನು ನಡುಹೊಲಿಗೆ ಕಾಣುವಷ್ಟು ಅಗಲಿಸಿ ನೋಡಿ. ಪಿಕಾಸೊನ ಯುದ್ಧದ ಚಿತ್ರ ಗೆರ್ನಿಕಾ ಸುಮಾರು 3.5 ಮೀಟರ್ ಎತ್ತರ, 7.8 ಮೀಟರ್ ಅಗಲ. ಅದನ್ನು ಎರಡು ಪುಟಕ್ಕೆ ಹರಡಿದರೆ ನಡುವಿನ ಕುದುರೆಯನ್ನು ಹೊಲಿಗೆ ನುಂಗಿಬಿಡುತ್ತದೆ. ಉದ್ದುದ್ದ ಚಿತ್ರಕ್ಕೆ ಮಡಚಿದ ಹಾಳೆ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಭಾಗಗಳನ್ನು ದೊಡ್ಡದು ಮಾಡಿ ತೋರಿಸಿರಬೇಕು.

ಗೆರ್ನಿಕಾ ಸ್ಪೇನಿನ ಒಂದು ಊರು. 1937ರಲ್ಲಿ ಆ ಊರಿನ ಮೇಲೆ ವಿಮಾನಗಳು ಬಾಂಬು ಹಾಕಿದವು. ಚಿತ್ರದಲ್ಲಿ ಒಂದೂ ವಿಮಾನ ಇಲ್ಲ. ಯಾಕೆ ಎಂದು ಮಗನನ್ನೇ ಕೇಳಿ. ನನ್ನ ಕ್ಲಾಸಿನಲ್ಲಿ ಅರ್ಧ ಗಂಟೆ ಜಗಳ ನಡೆದಿತ್ತು. ಸ್ಪೇನಿನ ಇನ್ನೊಬ್ಬ ಚಿತ್ರಕಾರ ಗೋಯಾನ ಯುದ್ಧದ ಚಿತ್ರಗಳನ್ನು ಮಾತ್ರ ಈಗಲೇ ಕೊಡಬೇಡಿ. ತುಂಬಾ ಕ್ರೂರ, ಪಿಯುಸಿ ಮುಗಿಯಲಿ.

ಬಿಜೈಯಿಂದ: ಕುದುರೆ ಬಿಡಿಸುವ ಹುಡುಗನಿಗೆ ವಿದೇಶದ್ದೇ ಯಾಕೆ? ಹಂಪಿಯ ಹಜಾರರಾಮ ಗುಡಿಯ ಹೊರಗೋಡೆ ತೋರಿಸಿ. ಸಾಲು ಸಾಲು ಆನೆ, ಕುದುರೆ, ಸೈನಿಕರು. ವೀರಗಲ್ಲಿನ ಪುಸ್ತಕ ಸಿಕ್ಕರೂ ಬಿಡಬೇಡಿ. ಕಲ್ಲೂ ಚಿತ್ರವೇ ಅಲ್ವಾ?

ಬೋಳೂರಿನಿಂದ, ಇನ್ನೊಂದು: ಮಳೆಗಾಲದ ಮಾತು ಮರೆತಿದ್ದೆ. ಹೊಳೆಯುವ ಆರ್ಟ್ ಪೇಪರ್‌ಗೆ ನೀರು ತಾಗಿದರೆ ಹಾಳೆ ಹಾಳೆ ಅಂಟಿಕೊಳ್ಳುತ್ತದೆ. ಬಿಡಿಸಲು ಹೋದರೆ ಚಿತ್ರವೇ ಎದ್ದು ಬರುತ್ತದೆ. ನನ್ನ ಒಂದು ಪುಸ್ತಕದಲ್ಲಿ ಈಗ ಕುದುರೆ ಒಂದು ಪುಟದಲ್ಲಿ, ಸವಾರ ಇನ್ನೊಂದರಲ್ಲಿ. ಹೊರಗೋಡೆಗೆ ತಾಗಿಸಿ ಕಪಾಟು ಇಡಬೇಡಿ. ನುಸಿಗುಳಿಗೆಯಿಂದ ಬೂಸ್ಟು ನಿಲ್ಲುವುದಿಲ್ಲ. ಜೋರು ಮಳೆಯ ಆಟಿ ತಿಂಗಳಲ್ಲಿ ವಾರಕ್ಕೊಮ್ಮೆ ಪುಸ್ತಕ ತೆರೆದು ಫ್ಯಾನಿನ ಕೆಳಗೆ ಇಡಿ. ಬಿಸಿಲಿಗೆ ಬೇಡ, ಬಣ್ಣ ಹೋಗುತ್ತದೆ.