ಮ್ಯಾಚಿನ ಮೊದಲ ಹತ್ತು ನಿಮಿಷ ಮಗನ ಕಾಲೇ ಏಳುವುದಿಲ್ಲ

ಪ್ರಶ್ನೆ (ಒಬ್ಬ ತಂದೆ, ಬೆಂಗಳೂರು): ಮೇಡಂ, ಮಗನಿಗೆ 13 ವರ್ಷ. ಅಂಡರ್-14 ಫುಟ್‌ಬಾಲ್ ತಂಡದಲ್ಲಿ ರೈಟ್ ವಿಂಗ್ (ಬಲ ಅಂಚಿನಲ್ಲಿ) ಆಡುತ್ತಾನೆ. ಭಾನುವಾರ ಬೆಳಗ್ಗೆ ಏಳಕ್ಕೆ ಮ್ಯಾಚ್. ಕೋಚ್ ಗ್ರೌಂಡಿಗೆ ಐದು ರೌಂಡ್ ಹೊಡೆಸುತ್ತಾರೆ, ಆಮೇಲೆ ಹುಲ್ಲಿನ ಮೇಲೆ ಕೂರಿಸಿ ಒಂದೊಂದು ಸ್ಟ್ರೆಚ್‌ಗೂ ಒಂದೊಂದು ನಿಮಿಷ. ಆಟ ಶುರುವಾದ ಮೊದಲ ಹತ್ತು ನಿಮಿಷ ಇವನ ಕಾಲೇ ಏಳುವುದಿಲ್ಲ. ಅರ್ಧ ಆಟ ಕಳೆಯಲಿ, ಯಾರ ಕೈಗೂ ಸಿಗುವುದಿಲ್ಲ. ಸ್ಪೀಡ್ ಬರುವಂಥ ವಾರ್ಮ್ ಅಪ್ ಯಾವುದು?

ಉತ್ತರ (ಕ್ರೀಡಾ ಫಿಸಿಯೋ): ಸರ್, ಸ್ಪೀಡ್ ಅವನ ಹತ್ತಿರ ಇದೆ, ತಡವಾಗಿ ಬರುತ್ತಿದೆ ಅಷ್ಟೆ. ಅವನ ನಿಜವಾದ ವಾರ್ಮ್ ಅಪ್ ಮ್ಯಾಚಿನೊಳಗೇ ನಡೆಯುತ್ತಿದೆ!

ಸ್ನಾಯುವಿನ ಬಿಸಿ ಒಂದು ಡಿಗ್ರಿ ಏರಿದರೆ ಅದು ಹೊಮ್ಮಿಸುವ ಶಕ್ತಿ ಸುಮಾರು ಶೇ 2ರಿಂದ 5ರಷ್ಟು ಹೆಚ್ಚುತ್ತದೆ. ರೌಂಡ್ ಹೊಡೆದಾಗ ಆ ಬಿಸಿ ಬರುತ್ತದೆ, ನಿಜ. ಆದರೆ ಆಮೇಲೆ ಕೂತು ಸ್ಟ್ರೆಚ್ ಮಾಡುವಾಗ ಇಳಿದುಹೋಗುತ್ತದೆ. ಸಾಲದ್ದಕ್ಕೆ, ಒಂದೇ ಸ್ನಾಯುವನ್ನು ನಿಮಿಷಗಟ್ಟಲೆ ಎಳೆದು ಹಿಡಿದರೆ ಅದರ ಚಿಮ್ಮುವ ಗುಣ ಸ್ವಲ್ಪ ಹೊತ್ತು ಮಂಕಾಗುತ್ತದೆ. 20 ಸೆಕೆಂಡ್ ಹಿಡಿದರೆ ತಲೆ ಕೆಡಿಸಿಕೊಳ್ಳಬೇಡಿ.

ನಾನು ಮಾಡಿಸುವುದು ಹೀಗೆ. ಮೊದಲ ಐದು ನಿಮಿಷ ಹಗುರ ಓಟ, ಅಡ್ಡ ಓಟ, ಹಿಮ್ಮುಖ ಓಟ. ಚೆಂಡು ಕೊಟ್ಟು ಪಾಸ್ ಮಾಡಿಸಿದರೆ ಮಕ್ಕಳು ಗೊಣಗುವುದಿಲ್ಲ. ಆಮೇಲೆ ನಡೆಯುತ್ತಾ ಲಂಜ್ (ದೊಡ್ಡ ಹೆಜ್ಜೆ ಇಟ್ಟು ಮಂಡಿ ಬಗ್ಗಿಸುವುದು), ಗೋಲ್ ಕಂಬ ಹಿಡಿದು ಕಾಲನ್ನು ಹಿಂದೆ ಮುಂದೆ, ಆಚೆ ಈಚೆ ಬೀಸುವುದು, ಒಂಟಿ ಕಾಲಲ್ಲಿ ನಿಲ್ಲುವುದು, ಇಷ್ಟಕ್ಕೆ ಇನ್ನೈದು ನಿಮಿಷ. ನಂತರ ಹತ್ತು ಮೀಟರಿನಷ್ಟು ಮಂಡಿ ಎತ್ತಿ ಸ್ಕಿಪ್, ಅಂದರೆ ಕುಪ್ಪಳಿಸುತ್ತಾ ಮುಂದೆ ಹೋಗುವುದು. ಇಲ್ಲಿ ಕಣ್ಣಿಗಿಂತ ಕಿವಿ ಕೊಡಿ. ಪಾದ ನೆಲಕ್ಕೆ ಬಿದ್ದಾಗ ‘ಟಪ್’ ಅನ್ನಬೇಕು. ‘ಧಪ್’ ಅಂದರೆ ಹಿಮ್ಮಡಿ ಊರುತ್ತಿದ್ದಾನೆ, ಪ್ರತಿ ಹೆಜ್ಜೆಗೂ ಬ್ರೇಕ್ ಹಾಕಿಕೊಳ್ಳುತ್ತಿದ್ದಾನೆ ಅಂತಲೇ ಅರ್ಥ.

ಕೊನೆಯದ್ದೇ ಮುಖ್ಯ, ಎಲ್ಲರೂ ಬಿಡುವುದೂ ಅದನ್ನೇ. ನಿಜವಾದ ಸ್ಪ್ರಿಂಟ್. ಮೊದಲನೆಯದು ಮುಕ್ಕಾಲು ವೇಗದಲ್ಲಿ, ಎರಡನೆಯದು ಇನ್ನೂ ಜೋರಾಗಿ, ಆಮೇಲೆ 15–20 ಮೀಟರಿನ ಎರಡು ಮೂರು ಓಟ ಜೀವ ಬಿಟ್ಟು. ನಡೆದುಕೊಂಡೇ ವಾಪಸ್ ಬರಲಿ, ನಡುವೆ ಒಂದು ನಿಮಿಷ ಬಿಡುವು. ಏದುಸಿರು ಬಿಡುತ್ತಾ ಮುಂದಿನ ಓಟಕ್ಕೆ ನಿಂತರೆ ಅದು ದಣಿವಿನ ತಾಲೀಮು, ವೇಗದ್ದಲ್ಲ. ಎಲ್ಲ ಸೇರಿ 20 ನಿಮಿಷ ಸಾಕು.

ಇನ್ನೊಂದು ವಿಷಯ, ಹಾಫ್ ಟೈಮ್. 2004ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನವೊಂದರಲ್ಲಿ, ವಿರಾಮದಲ್ಲಿ ಸುಮ್ಮನೆ ಕೂತ ಆಟಗಾರರ ಸ್ಪ್ರಿಂಟ್ ಶೇ 2.4ರಷ್ಟು ಕುಸಿಯಿತು. ಏಳು ನಿಮಿಷ ಹಗುರವಾಗಿ ಓಡಿದವರದ್ದು ಕುಸಿಯಲಿಲ್ಲ. ಮಕ್ಕಳಿಗೆ ಕಿತ್ತಳೆ ತಿನ್ನಲು ಬಿಡಿ, ಕೊನೆಯ ಮೂರು ನಿಮಿಷ ಎಬ್ಬಿಸಿ.

ಪ್ರಶ್ನೆ (ಪಿ.ಟಿ. ಮಾಸ್ತರು, ಧಾರವಾಡ): ಮೇಡಂ, ನಮ್ಮ ಸಾಲ್ಯಾಗ 40 ಹುಡುಗ್ರು, ಎರಡ ಬಾಲ್, ಕೋನ್ ಇಲ್ಲ. ಮೊರಂ ಗ್ರೌಂಡ್. ಇದೆಲ್ಲಾ ಆಗತೈತೇನ್ರಿ?

ಉತ್ತರ: ಆಗುತ್ತದೆ ಸರ್, ಚಪ್ಪಲಿಯನ್ನೇ ಕೋನ್ ಮಾಡಿ. ಸಾಲು ಮಾತ್ರ ಉದ್ದ ಬೇಡ. ಒಬ್ಬನ ಹಿಂದೆ ಹತ್ತು ಜನ ನಿಂತರೆ ಹತ್ತನೆಯವನು ತಣ್ಣಗಾಗಿರುತ್ತಾನೆ. ಎಂಟೆಂಟು ಮಂದಿಯನ್ನು ಅಡ್ಡ ಸಾಲಲ್ಲಿ ನಿಲ್ಲಿಸಿ, ಒಟ್ಟಿಗೆ ಬಿಡಿ. ಹಳ್ಳ ದಿಣ್ಣೆ ಇರುವ ಕಡೆ ಪೂರ್ತಿ ವೇಗದ ಓಟ ಬೇಡ, ಮೊದಲೇ ನಡೆದು ನೋಡಿ ಜಾಗ ಆರಿಸಿಕೊಳ್ಳಿ. ಸಿದ್ಧ ಪಟ್ಟಿ ಬೇಕಿದ್ದರೆ ಫಿಫಾದ ‘11+’ ಅನ್ನುವ ವಾರ್ಮ್ ಅಪ್ ಇದೆ, 20 ನಿಮಿಷದ್ದು. 13–17 ವರ್ಷದ ನಾರ್ವೆ ಹುಡುಗಿಯರ ಮೇಲೆ ಪರೀಕ್ಷಿಸಿದಾಗ ಗಾಯಗಳು ಸುಮಾರು ಮೂರನೇ ಒಂದರಷ್ಟು ತಗ್ಗಿದವು. ಅದಕ್ಕಿಂತ ಚಿಕ್ಕವರಿಗೆ ಬೇರೆ ಆವೃತ್ತಿಯೇ ಇದೆ.

ಪ್ರಶ್ನೆ (ಒಬ್ಬ ತಾಯಿ, ಮೈಸೂರು): ಮಗಳಿಗೆ 11. ಸ್ಪ್ರಿಂಟ್ ಮಾಡಿದ ದಿನ ಹಿಮ್ಮಡಿ ನೋವು ಅಂತಾಳೆ. ವಾರ್ಮ್ ಅಪ್ ಸಾಲ್ತಿಲ್ವಾ?

ಉತ್ತರ: ಮೇಡಂ, ಬೆಳೆಯುವ ವಯಸ್ಸಿನಲ್ಲಿ ಹಿಮ್ಮಡಿ ಮೂಳೆಯ ಬೆಳವಣಿಗೆಯ ಭಾಗವನ್ನು ಮೀನಖಂಡ ಜಗ್ಗುವುದರಿಂದ ಹೀಗಾಗುವುದು ಸಾಮಾನ್ಯ. ಆದರೂ ನೋಡದೆ ಹೇಳಲಾರೆ. ಜಿಗಿತ, ಪೂರ್ತಿ ವೇಗದ ಓಟ ಸದ್ಯಕ್ಕೆ ನಿಲ್ಲಿಸಿ, ಹತ್ತಿರದ ಮೂಳೆ ಡಾಕ್ಟರಿಗೆ ಒಮ್ಮೆ ತೋರಿಸಿ. ಕುಂಟುತ್ತಿದ್ದರಂತೂ ಆಟಕ್ಕೇ ಕಳಿಸಬೇಡಿ.

ಮೊದಲು ಕೇಳಿದ ತಂದೆ: ಮೇಡಂ, ಕೋಚ್ ಹತ್ತಿರ ಮಾತಾಡಿದೆ. ರೌಂಡ್ ಐದರಿಂದ ಎರಡಕ್ಕೆ ಇಳಿದಿದೆ, ಸ್ಪ್ರಿಂಟ್ ಶುರುವಾಗಿದೆ. ಸ್ಟ್ರೆಚ್ ಮಾತ್ರ ಬಿಡಲ್ಲ ಅಂತಾರೆ.

ಉತ್ತರ: ಬಿಡುವುದು ಬೇಡ. ಮ್ಯಾಚ್ ಮುಗಿದ ಮೇಲೆ ಮಾಡಿಸಿ ಅನ್ನಿ, ಒಪ್ಪಿಕೊಳ್ಳಬಹುದು.