ಗ್ಯಾಸ್ ಗೀಸರ್ ಇರುವವರೆಲ್ಲ ಓದಿ (3ನೇ ಕ್ರಾಸ್ ಗುಂಪು, ಚಿಕ್ಕಮಗಳೂರು)

ಹಿಂಬದಿ ಬಾಡಿಗೆ ಮನೆ, 5:40
ಈಗ ಆಸ್ಪತ್ರೆಯಿಂದ ಬಂದೆ. ರಾತ್ರಿ ಸ್ನಾನಕ್ಕೆ ಹೋದ ಮಗಳು ಬಚ್ಚಲಲ್ಲೇ ಬಿದ್ದಿದ್ದಳು. ಚಿಲಕ ಮುರಿದು ಎತ್ತಿಕೊಂಡೆ. ಆಕ್ಸಿಜನ್ ಕೊಟ್ಟ ಮೇಲೆ ಕಣ್ಣು ಬಿಟ್ಟಳು. ಗೀಸರ್‌ನ ಕಾರ್ಬನ್ ಮೊನಾಕ್ಸೈಡ್ ಅಂದರು ಡಾಕ್ಟರು. ಕಿಟಕಿ ಇಲ್ಲದ ಬಚ್ಚಲಿಗೆ ಅದನ್ನು ಹಾಕಿಸಿದ್ದು ಯಾರು? ಎರಡು ಸಲ ಹೇಳಿದ್ದೆ. ಓನರ್ ಇಲ್ಲೇ ಇದ್ದಾರೆ, ಓದಲಿ.

ಓನರ್, 6:15
ಮಗು ಹೇಗಿದೆ? ಫ್ಯಾನಿಗೆ ಗೋಡೆ ಕೊರೆಸಿದ್ದೆ. ಚಳಿ ಅಂತ ರಟ್ಟು ಮುಚ್ಚಿದ್ದು ನೀವೇ ಅಲ್ವಾ?

ಹಿಂಬದಿ ಬಾಡಿಗೆ ಮನೆ
ಫ್ಯಾನ್ ಹಾಕಿಸಿದ್ದರೆ ರಟ್ಟು ಯಾಕೆ ಮುಚ್ಚುತ್ತಿದ್ದೆವು?

ನರ್ಸಕ್ಕ
ಜಗಳ ಆಮೇಲೆ ಆಡಿ. ಸಿಲಿಂಡರ್ ಸೋರಿದರೆ ವಾಸನೆ ಬರುತ್ತದೆ. ಇದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ತಲೆನೋವು, ತಲೆಸುತ್ತು, ವಾಂತಿ, ಆಮೇಲೆ ಎಚ್ಚರ ತಪ್ಪುತ್ತದೆ. ಕೋಣೆ ಮುಚ್ಚಿ ಕೆಂಡ ಇಟ್ಟುಕೊಂಡು ಮಲಗುವವರಿಗೂ ಇದೇ ಅಪಾಯ.

ಮೂಲೆಮನೆ ಅಂಕಲ್ (ಫಾರ್ವರ್ಡ್)
🙏 ಹೆಚ್ಚಿದ ಈರುಳ್ಳಿ ಕೋಣೆಯಲ್ಲಿಟ್ಟರೆ ವಿಷಗಾಳಿ ಹೀರುತ್ತದೆ. 10 ಜನರಿಗೆ ಕಳಿಸಿ.

ನರ್ಸಕ್ಕ
ಅಂಕಲ್, ಇದನ್ನು ಡಿಲೀಟ್ ಮಾಡಿ. ಯಾರಾದರೂ ನಂಬಿ ಬಾಗಿಲು ಹಾಕಿಕೊಂಡು ಮಲಗುತ್ತಾರೆ.

ಮೇಷ್ಟ್ರು
ಮಗ ಇಂಗ್ಲೆಂಡಿನಲ್ಲಿ ಬಾಡಿಗೆಗಿದ್ದಾನೆ. ಅಲ್ಲಿ 2015ರಿಂದ ಕಾನೂನಿದೆ. ವಾಸದ ಪ್ರತಿ ಅಂತಸ್ತಿಗೂ ಹೊಗೆ ಅಲಾರಾಂ. ಕಾರ್ಬನ್ ಮೊನಾಕ್ಸೈಡ್ ಅಲಾರಾಂ ಮೊದಲು ಸೌದೆ, ಕಲ್ಲಿದ್ದಲು ಉರಿಸುವ ಕೋಣೆಗೆ ಮಾತ್ರ ಇತ್ತು. 2022ರ ಅಕ್ಟೋಬರ್ 1ರಿಂದ ಗ್ಯಾಸ್ ಬಾಯ್ಲರ್ ಇರುವ ಕೋಣೆಗೂ ಬೇಕು. ಅಡುಗೆ ಒಲೆಗೆ ಮಾತ್ರ ವಿನಾಯಿತಿ. ಹಾಕಿಸುವುದು ಓನರ್ ಕೆಲಸ. ನಮ್ಮ 11 ತಿಂಗಳ ಅಗ್ರಿಮೆಂಟಿಗೂ ಒಂದು ಸಾಲು ಸೇರಿಸೋಣ. ತರುವಾಗ ಹುಷಾರು, ಗ್ಯಾಸ್ ಸೋರಿಕೆ ಅಲಾರಾಂ ಬೇರೆ, ಇದು ಬೇರೆ.

ಓನರ್
ಖರ್ಚೆಲ್ಲ ನಮಗೇ. ಬಾಡಿಗೆ ಜಾಸ್ತಿ ಮಾಡಿದರೆ ಮಾತ್ರ ಗಲಾಟೆ.

ಮೂಲೆಮನೆ ಅಂಕಲ್
ಅಲಾರಾಂ ಬಿಡಿ. ರಾತ್ರಿ ಆಟೋ ಯಾಕೆ ಒಳಗೆ ಬರಲಿಲ್ಲ? ಹೋಮ್‌ಸ್ಟೇ ಕಾರುಗಳು! ಮಗುವನ್ನು ಹೊತ್ತುಕೊಂಡು ಮೇನ್ ರೋಡಿನವರೆಗೆ ಓಡಿದರು ಪಾಪ. ಶನಿವಾರ ಬಂದರೆ ಇದೇ ಗೋಳು.

ಮಹಡಿಮನೆ
ನಮ್ಮ ಗೇಟಿಗೇ ಅಡ್ಡ ನಿಲ್ಲಿಸಿದ್ದರು.

ಓನರ್
ಫೋಟೋ ಇದೆ ನನ್ನ ಹತ್ತಿರ.

ಮೂಲೆಮನೆ ಅಂಕಲ್
ಭಾನುವಾರ 10ಕ್ಕೆ ಪಾರ್ಕಿಗೆ ಬನ್ನಿ. ವಿಷಯ: ಪಾರ್ಕಿಂಗ್. ಮನೆಗೊಬ್ಬರು ಬರಲೇಬೇಕು!!

ಹಿಂಬದಿ ಬಾಡಿಗೆ ಮನೆ
ಬರುತ್ತೇನೆ. ಅಲಾರಾಂ ವಿಷಯ?

ಮಹಡಿಮನೆ
ಕಾರ್ ನಂಬರ್ ಬರೆದಿಟ್ಟುಕೊಂಡಿದ್ದೀರಾ ಯಾರಾದರೂ?

ನರ್ಸಕ್ಕ
ತಮ್ಮಾ, ಗೀಸರ್ ಹಚ್ಚಬೇಡ. ನಮ್ಮ ಹಂಡೆಯಲ್ಲಿ ನೀರು ಕಾದಿದೆ, ಬಂದು ತಗೊಂಡು ಹೋಗು.