ಸಹಾಯ ಬೇಕು: ಹಸಿರು ತಾರಸಿಗೆ ಕಂದಾಯ ರಿಯಾಯಿತಿ ಕೇಳುವ ಮನವಿ

ತಾರಸಿಯ ಅರ್ಧದಷ್ಟಾದರೂ ಹಸಿರು ಹೊದಿಸಿದವರಿಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಕೊಡಿ ಅಂತ ಶಿವಮೊಗ್ಗ ಪಾಲಿಕೆಗೆ ಮನವಿ ಬರೀತಿದ್ದೇವೆ. ಇಂಥದೇ ರಿಯಾಯಿತಿ ಕೊಡುವ ನ್ಯೂಯಾರ್ಕ್‌ನ 2008ರ ಕಾನೂನಿನಲ್ಲೂ ಅರ್ಧ ಅಂತಲೇ ಇದೆ.

ತೊಡಕಿರೋದು ಭಾರದಲ್ಲಿ. 10 ಸೆಂ.ಮೀ. ಕೆಂಪುಮಣ್ಣು ಆಷಾಢದ ಮಳೆಗೆ ನೆನೆದರೆ ಚದರ ಮೀಟರಿಗೆ ಸುಮಾರು 180 ಕಿಲೋ. ಓಡಾಡುವ ತಾರಸಿ ಹೊರಬೇಕಾದ ಭಾರ ಅಂತ ಲೆಕ್ಕ ಹಿಡಿಯೋದು ಸಾಮಾನ್ಯವಾಗಿ 150 ಕಿಲೋ. ಹಾಗಾಗಿ ಕೋಕೋಪಿಟ್ (ತೆಂಗಿನ ನಾರಿನ ಪುಡಿ) ಬೆರೆಸಿದ ಹಗುರ ಮಣ್ಣು, ಅದರಡಿ ಬೇರುತಡೆ ಹಾಳೆ, ವಾಟರ್‌ಪ್ರೂಫಿಂಗ್ ಕಡ್ಡಾಯ ಅಂತ ಸೇರಿಸಿದ್ದೇವೆ. ಮಳೆನೀರು ಇಳಿಯುವ ಪೈಪಿನ ಬಾಯಿಗೆ ನಾಲ್ಕು ಹಲಸಿನೆಲೆ ಅಡ್ಡ ಬಿದ್ದರೂ ತಾರಸಿ ಮೇಲೆ ನೀರು ನಿಲ್ಲುತ್ತೆ. ಜಾಲರಿ, ಸುತ್ತ ಒಂದಡಿ ಜಲ್ಲಿ ಬೇಕೇ ಬೇಕು.

ಸ್ಟ್ರಕ್ಚರಲ್ ಎಂಜಿನಿಯರ್ ಯಾರಾದರೂ ಇದ್ದರೆ, ಭಾರದ ಪ್ರಮಾಣಪತ್ರಕ್ಕೆ ಒಂದು ಪುಟದ ನಮೂನೆ ಬರೆದುಕೊಡ್ತೀರಾ? ರಿಯಾಯಿತಿ ಚದರಡಿ ಲೆಕ್ಕದಲ್ಲಿ ಕೇಳೋದೋ, ತೆರಿಗೆಯ ಶೇಕಡಾವಾರೋ? ಕಂದಾಯದ ಕೆಲಸ ಗೊತ್ತಿರುವವರೂ ಹೇಳಿ.